‘ಪ್ಸಿ’ ಹಾಕುವ ಮುಂಚೆ ಇಷ್ಟು ಮಾಡಿ

ಮೊದಲ ಸಲ ‘ಪ್ಸಿ’ ಅನ್ನುವ ಪೋಲಿಷ್ ಸಿನಿಮಾ ನೋಡಿದಾಗ ನಗಬಾರದ ಜಾಗದಲ್ಲಿ ನಕ್ಕುಬಿಟ್ಟೆ. ಪಕ್ಕದಲ್ಲೇ ಪೋಲೆಂಡಿನ ಸಹೋದ್ಯೋಗಿ ಕೂತಿದ್ದರು. ಅವರು ಏನೂ ಅನ್ನಲಿಲ್ಲ, ಸಿನಿಮಾ ನಿಲ್ಲಿಸಿ ಟೀ ಮಾಡಲು ಎದ್ದರು. ಅದು ಬೈಗುಳಕ್ಕಿಂತ ಜಾಸ್ತಿ ಆಯಿತು.

1992ರ ಚಿತ್ರ ಇದು, ನಿರ್ದೇಶಕ ವ್ವಾದಿಸ್ವಾಫ್ ಪಾಸಿಕೊಫ್ಸ್ಕಿ. ಹಾಲಿವುಡ್ ಸಿನಿಮಾಗಳು ನುಗ್ಗುತ್ತಿದ್ದ ಹೊತ್ತಿನಲ್ಲೂ ಪೋಲೆಂಡಿನ ಜನ ಇದಕ್ಕೆ ಮುಗಿಬಿದ್ದರು. ಹೆಸರಿಗೆ ‘ನಾಯಿಗಳು’ ಅಂತ ಅರ್ಥ. ಇಂಗ್ಲಿಷ್‌ನಲ್ಲಿ ಅದೇ ‘ಪಿಗ್ಸ್’ ಆಗಿದೆ. ಎರಡೂ ಪೊಲೀಸರನ್ನು ಬೈಯುವ ಮಾತೇ. ಹುಡುಕುವಾಗ ಎರಡೂ ಹೆಸರು ಹಾಕಿ.

ಮೊದಲು ಹತ್ತು ನಿಮಿಷ ಇತಿಹಾಸಕ್ಕೆ ಕೊಡಿ. ‘ಎಸ್‌ಬೆ’ ಅಂದರೆ ಕಮ್ಯುನಿಸ್ಟ್ ಸರ್ಕಾರದ ಗುಪ್ತ ಪೊಲೀಸ್. 1989ರ ಜೂನ್ ಚುನಾವಣೆಯಲ್ಲಿ ಕಮ್ಯುನಿಸ್ಟರು ಸೋತರು. 1990ರಲ್ಲಿ ಎಸ್‌ಬೆಗೆ ಬೀಗ ಬಿತ್ತು. ಕೆಲಸ ಉಳಿಸಿಕೊಳ್ಳಬೇಕು ಅನ್ನುವ ಅಧಿಕಾರಿಗಳು ಪರಿಶೀಲನಾ ಸಮಿತಿಯನ್ನು ದಾಟಬೇಕಿತ್ತು. ಪಾಸಾದರೆ ಹೊಸ ಸರ್ಕಾರದಲ್ಲಿ ಕೆಲಸಕ್ಕೆ ಅವಕಾಶ, ಇಲ್ಲದಿದ್ದರೆ ಮನೆಗೆ. ಚಿತ್ರದಲ್ಲಿ ಅಂಥ ಅಧಿಕಾರಿಯಾದ ನಾಯಕ ಫ್ರಾಂಜ್ ಮೌರರ್ ಪಾಸಾಗುತ್ತಾನೆ, ಗೆಳೆಯ ಓಲೊ ಫೇಲ್. ಉಳಿದ ಕಥೆಯೆಲ್ಲ ಈ ಒಂದು ಫಲಿತಾಂಶದಿಂದಲೇ ಹುಟ್ಟುವುದು.

ಹಾಗಾಗಿ ಸಮಿತಿಯ ದೃಶ್ಯದಲ್ಲಿ ಫೋನ್ ಕೆಳಗಿಡಿ. ಹೊಸ ಪೋಲೆಂಡಿನ ಕಾನೂನು ಕಾಯುತ್ತೀರಾ ಅಂತ ಕೇಳುತ್ತಾರೆ. ಕೊನೆಯವರೆಗೂ ಕಾಯುತ್ತೇನೆ ಅನ್ನುತ್ತಾನೆ ಫ್ರಾಂಜ್. ಯಾರ ಕೊನೆ? ತನ್ನದೋ, ದೇಶದ್ದೋ, ಯಾವುದು ಮೊದಲು ಬಂದರೆ ಅದು! ಫ್ರಾಂಜ್ ಪಾತ್ರ ಮಾಡಿದ ಬೊಗುಸ್ವಾಫ್ ಲಿಂದಾ ಇದನ್ನು ಹೇಳುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

ಇನ್ನೊಂದು ತಯಾರಿ ಇದೆ. ಇದನ್ನಂತೂ ಬಿಡಬೇಡಿ. 1970ರ ಡಿಸೆಂಬರಿನಲ್ಲಿ ಗ್ದಿನ್ಯಾ ಊರಿನಲ್ಲಿ ಕಾರ್ಮಿಕರ ಮೇಲೆ ಸರ್ಕಾರದ ಪಡೆಗಳು ಗುಂಡು ಹಾರಿಸಿದವು. ಸತ್ತ ಹುಡುಗನೊಬ್ಬನನ್ನು ಜನ ಬಾಗಿಲ ಹಲಗೆಯ ಮೇಲೆ ಮಲಗಿಸಿ ಬೀದಿಯಲ್ಲಿ ಹೊತ್ತು ನಡೆದರು. ಅದರ ಮೇಲೆ ಒಂದು ಹಾಡು ಹುಟ್ಟಿತು. ನಿರ್ದೇಶಕ ಆಂದ್ಜೆಯ್ ವಾಯ್ದಾ ಅವರ 1981ರ ಚಿತ್ರ ‘ಮ್ಯಾನ್ ಆಫ್ ಐರನ್’ನಲ್ಲಿ ಆ ಮೆರವಣಿಗೆಯೂ ಹಾಡೂ ಇವೆ. ಅಷ್ಟನ್ನಾದರೂ ಮೊದಲು ನೋಡಿ. ‘ಪ್ಸಿ’ಯಲ್ಲಿ ಕುಡಿದ ಎಸ್‌ಬೆಯವರು, ಮತ್ತಿನಲ್ಲಿ ಬಿದ್ದ ತಮ್ಮವನೊಬ್ಬನನ್ನು ಎತ್ತಿಕೊಂಡು ಅದೇ ಹಾಡು ಹಾಡುತ್ತಾರೆ. ನಾನು ನಕ್ಕಿದ್ದು ಅಲ್ಲೇ. ಆಗ ಪೋಲೆಂಡಿನಲ್ಲಿ ಎಷ್ಟೋ ಜನ ಈ ದೃಶ್ಯಕ್ಕೆ ಸಿಟ್ಟಾಗಿದ್ದರು.

ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಮಕ್ಕಳನ್ನು ಮಲಗಿಸಿ, ಹೆಡ್‌ಫೋನ್ ಹಾಕಿ. ‘ಕುರ್ವಾ’ ಅನ್ನುವ ಬೈಗುಳ ಎಷ್ಟು ಸಲ ಬರುತ್ತದೆ ಅಂದರೆ, ಎಣಿಸಲು ಹೊರಟು ಅರ್ಧಕ್ಕೇ ಬಿಟ್ಟೆ. ಹೆಂಗಸರನ್ನು ತೋರಿಸಿರುವ ರೀತಿ ನನಗೆ ಇವತ್ತಿಗೂ ಇಷ್ಟವಿಲ್ಲ.

ಎರಡನೇ ಭಾಗ 1994ರದ್ದು, ಮೂರನೆಯದು 2020ರದ್ದು. ಎರಡನೆಯದನ್ನು ಅದೇ ರಾತ್ರಿ ಶುರು ಮಾಡಬೇಡಿ. ಮೊದಲು ಸಮಿತಿಯ ದೃಶ್ಯಕ್ಕೆ ವಾಪಸ್ ಹೋಗಿ ಇನ್ನೊಮ್ಮೆ ಹಾಕಿ.