ವಿಶ್ವಕಪ್ ಹೊಣೆ ಯಾರ ತಲೆಗೆ? ನೀವೇ ಹುಡುಕುವುದು ಹೀಗೆ

ಕತಾರ್‌ನ 2022ರ ಫುಟ್‌ಬಾಲ್ ವಿಶ್ವಕಪ್‌ಗೆ ಎಷ್ಟು ಕಾರ್ಮಿಕರು ಸತ್ತರು ಅಂತ ನಾಲ್ಕು ಜನರನ್ನು ಕೇಳಿ ನೋಡಿ. ಒಬ್ಬರು 6,500 ಅಂತಾರೆ. ಇನ್ನೊಬ್ಬರು ಬರೀ 3 ಅಂತಾರೆ. ಮತ್ತೊಬ್ಬರು 400ರಿಂದ 500. ನಾಲ್ಕನೆಯವರು "ಅದೆಲ್ಲ ಹೊಟ್ಟೆಕಿಚ್ಚು ಬಿಡ್ರಿ" ಅಂದು ಮೆಸ್ಸಿ ಕಪ್ ಎತ್ತುವ ವಿಡಿಯೋ ಕಳಿಸುತ್ತಾರೆ. ಮೊದಲ ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೂವರೂ ಬೇರೆ ಬೇರೆ ವಿಷಯ ಎಣಿಸುತ್ತಿದ್ದಾರೆ.

ನಮ್ಮ ಭಟ್ಕಳ, ಕುಂದಾಪುರ, ಮಂಗಳೂರು ಕಡೆ ಗಲ್ಫ್‌ನಲ್ಲಿ ಯಾರೂ ಇಲ್ಲದ ಕೇರಿ ಹುಡುಕುವುದು ಕಷ್ಟ. ಹಾಗಾಗಿ ಈ ಜಗಳ ನಮಗೆ ದೂರದ್ದಲ್ಲ. ವಿಶ್ವ ಫುಟ್‌ಬಾಲ್ ನಡೆಸುವ ಫಿಫಾದಂಥ ಸಂಸ್ಥೆ "ನಾವು ಆಟ ಆಡಿಸುವವರು, ಕೆಲಸಕ್ಕೆ ಇಟ್ಟುಕೊಂಡವರು ನಾವಲ್ಲ" ಅಂದಾಗ ಆ ಮಾತು ಎಷ್ಟು ಸರಿ ಅಂತ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ವಕೀಲರಾಗಬೇಕಿಲ್ಲ. ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು ಸಂಖ್ಯೆಯನ್ನು ಬಿಡಿಸಿ

ಸಾವಿನ ಲೆಕ್ಕ ಕಂಡ ತಕ್ಷಣ ಮೂರು ಪ್ರಶ್ನೆ ಕೇಳಿ. ಯಾರನ್ನು ಎಣಿಸಿದರು, ಎಲ್ಲಿ ಎಣಿಸಿದರು, ಸಾವಿನ ಕಾರಣ ಬರೆದವರು ಯಾರು.

6,500 ಬಂದಿದ್ದು ಗಾರ್ಡಿಯನ್ ಪತ್ರಿಕೆಯ 2021ರ ಫೆಬ್ರವರಿಯ ವರದಿಯಿಂದ. ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಈ ಐದು ದೇಶಗಳ ಜನ ಹತ್ತು ವರ್ಷದಲ್ಲಿ ಕತಾರ್‌ನಲ್ಲಿ ಸತ್ತ ಲೆಕ್ಕ ಅದು. ಅದರಲ್ಲಿ 2,711 ಮಂದಿ ಭಾರತೀಯರು. ಎಲ್ಲ ಕೆಲಸದವರೂ ಇದ್ದಾರೆ, ಎಲ್ಲ ಕಾರಣಗಳೂ ಇವೆ. "6,500 ಜನ ಸ್ಟೇಡಿಯಂ ಕಟ್ಟುತ್ತಾ ಸತ್ತರು" ಅಂತ ಹಂಚುವುದು ತಪ್ಪು. ಹಾಗೆ ಬರೆದು ಎದುರಿನವರ ಕೈಗೆ ದೊಣ್ಣೆ ಕೊಡಬೇಡಿ.

3 ಅನ್ನುವುದು ಕತಾರ್‌ನ ಸಂಘಟನಾ ಸಮಿತಿಯ ಲೆಕ್ಕ. ಸ್ಟೇಡಿಯಂ ಕಾಮಗಾರಿಯಲ್ಲಿದ್ದವರು ಮಾತ್ರ, ಅದರಲ್ಲೂ ಕೆಲಸದಿಂದಲೇ ಆದ ಸಾವು ಮಾತ್ರ. ಅದೇ ಸಮಿತಿ ಇನ್ನೂ 37 ಸಾವುಗಳನ್ನು "ಕೆಲಸಕ್ಕೆ ಸಂಬಂಧವಿಲ್ಲ" ಎಂಬ ಕಡೆ ಹಾಕಿದೆ. ಆದರೆ ವಿಶ್ವಕಪ್‌ಗೆ ಬೇಕಾಗಿದ್ದು ಬರೀ ಸ್ಟೇಡಿಯಂ ಅಲ್ಲವಲ್ಲ. ಮೆಟ್ರೋ ಬೇಕಿತ್ತು, ರಸ್ತೆ ಬೇಕಿತ್ತು, ಹೋಟೆಲ್ ಬೇಕಿತ್ತು, ಲುಸೈಲ್ ಎಂಬ ಇಡೀ ಊರೇ ಎದ್ದು ನಿಂತಿತು. ಅವನ್ನೆಲ್ಲ ಕಟ್ಟಿದವರು ಯಾರೂ ಈ ಲೆಕ್ಕದಲ್ಲಿಲ್ಲ. 2022ರ ನವೆಂಬರ್‌ನಲ್ಲಿ ಸಮಿತಿಯ ಮುಖ್ಯಸ್ಥ ಹಸನ್ ಅಲ್ ತವಾದಿ ಟಿವಿ ಸಂದರ್ಶನದಲ್ಲಿ 400ರಿಂದ 500 ಅಂದುಬಿಟ್ಟರು. ಆಮೇಲೆ ಸಮಿತಿ, ಅದು ಇಡೀ ದೇಶದ ಎಲ್ಲ ಉದ್ಯಮಗಳಲ್ಲಿ 2014ರಿಂದ 2020ರವರೆಗೆ ಕೆಲಸದಲ್ಲಿ ಸತ್ತ 414 ಮಂದಿಯ ಲೆಕ್ಕ ಅಂತ ತಿದ್ದಿತು.

ಮೂರನೆಯ ಪ್ರಶ್ನೆಯಲ್ಲೇ ಎಲ್ಲ ಅಡಗಿದೆ. ಗಲ್ಫ್‌ನಿಂದ ಬರುವ ಎಷ್ಟೋ ಮರಣ ಪತ್ರಗಳಲ್ಲಿ "ನ್ಯಾಚುರಲ್ ಕಾಸ್" ಅಥವಾ "ಕಾರ್ಡಿಯಾಕ್ ಅರೆಸ್ಟ್" ಅಂತ ಬರೆದಿರುತ್ತದೆ. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ, ಅಲ್ವಾ? ಯಾಕೆ ನಿಂತಿತು ಅನ್ನುವುದು ತಾನೇ ಪ್ರಶ್ನೆ. ವೀಸಾಕ್ಕೆ ಮುಂಚೆ ಮೆಡಿಕಲ್ ಪಾಸಾಗಿ ಹೋದ ಗಟ್ಟಿಮುಟ್ಟು ಹುಡುಗ, ಬಿಸಿಲಿನಲ್ಲಿ ದಿನವಿಡೀ ಕಬ್ಬಿಣ ಕಟ್ಟಿ, ರಾತ್ರಿ ಕ್ಯಾಂಪಿನಲ್ಲಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ ಅಂದರೆ ಅದು ಸಹಜ ಸಾವು ಅಂತ ಬರೆಯುವುದು ಸುಲಭ. ಪೋಸ್ಟ್‌ಮಾರ್ಟಂ ಇಲ್ಲ, ಯಾಕೆ ಅಂತ ಕೇಳುವವರಿಲ್ಲ. ಹಾಗೆ ಬರೆದ ಕೂಡಲೇ ಎರಡು ಆಗುತ್ತವೆ. ಸಾವು "ಕೆಲಸಕ್ಕೆ ಸಂಬಂಧವಿಲ್ಲ" ಅನ್ನುವ ಕಡೆ ಸೇರುತ್ತದೆ, ಮನೆಯವರಿಗೆ ಕೆಲಸದ ಸಾವಿನ ಪರಿಹಾರ ತಪ್ಪುತ್ತದೆ. ಒಂದೇ ಪದ ಲೆಕ್ಕವನ್ನೂ ಕಡಿಮೆ ಮಾಡುತ್ತದೆ, ಖರ್ಚನ್ನೂ ಕಡಿಮೆ ಮಾಡುತ್ತದೆ.

ತಾರೀಖುಗಳನ್ನು ಪಕ್ಕಪಕ್ಕ ಇಡಿ

ಈಗ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಟೂರ್ನಿಯ ಕೆಲಸ, ಬಲಗಡೆ ಕಾರ್ಮಿಕರಿಗೆ ಸಿಕ್ಕ ರಕ್ಷಣೆ.

ಎಡಗಡೆ ಮೊದಲ ಸಾಲು 2010ರ ಡಿಸೆಂಬರ್ 2. ಜ್ಯೂರಿಚ್‌ನಲ್ಲಿ ಫಿಫಾ ಕತಾರ್‌ಗೆ ಟೂರ್ನಿ ಕೊಟ್ಟ ದಿನ. ಆಗ ಅಲ್ಲಿ ಕಫಾಲಾ ಪದ್ಧತಿ ಪೂರ್ತಿ ಇತ್ತು. ಕಫೀಲ, ಅಂದರೆ ವೀಸಾ ಕೊಡಿಸಿದ ಮಾಲೀಕ, ಒಪ್ಪದೆ ಕೆಲಸ ಬದಲಿಸುವ ಹಾಗಿಲ್ಲ, ದೇಶ ಬಿಡುವ ಹಾಗಿಲ್ಲ. ಇದು ಗುಟ್ಟೇನಲ್ಲ, ಗಲ್ಫ್‌ಗೆ ಹೋಗಿ ಬಂದ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಬಲಗಡೆ ಬರೆಯಿರಿ: ಹೆಚ್ಚಿನ ಕಾರ್ಮಿಕರಿಗೆ ದೇಶ ಬಿಡಲು ಎಕ್ಸಿಟ್ ಪರ್ಮಿಟ್ ಬೇಡ ಅಂತ ಆಗಿದ್ದು 2018ರಲ್ಲಿ. ಕಫೀಲನ ಒಪ್ಪಿಗೆ ಪತ್ರ (ಎನ್ಒಸಿ) ಇಲ್ಲದೆ ಕೆಲಸ ಬದಲಿಸಬಹುದು ಅಂತ ಆಗಿದ್ದು 2020ರಲ್ಲಿ. ತಿಂಗಳಿಗೆ 1,000 ರಿಯಾಲ್ ಕನಿಷ್ಠ ಕೂಲಿ ಜಾರಿಗೆ ಬಂದಿದ್ದು 2021ರ ಮಾರ್ಚ್‌ನಲ್ಲಿ. ಈಗ ಮತ್ತೆ ಎಡಗಡೆ ಬನ್ನಿ. ಖಲೀಫಾ ಸ್ಟೇಡಿಯಂ ಹೊಸದಾಗಿ ತೆರೆದಿದ್ದು 2017ರ ಮೇನಲ್ಲಿ, ಅಲ್ ಜನೂಬ್ 2019ರ ಮೇನಲ್ಲಿ. ಅಂದರೆ ಒಂದು ಸ್ಟೇಡಿಯಂ ಎಕ್ಸಿಟ್ ಪರ್ಮಿಟ್ ಹೋಗುವ ಮೊದಲೇ, ಇನ್ನೊಂದು ಎನ್ಒಸಿ ಹೋಗುವ ಮೊದಲೇ ಮುಗಿದಿತ್ತು. ಸುಧಾರಣೆ ಆಗಲೇ ಇಲ್ಲ ಅನ್ನುವುದು ಸುಳ್ಳು. ಆದರೆ ಅದು ಬಂದಾಗ ಕಂಬ ನೆಟ್ಟವರಲ್ಲಿ ಎಷ್ಟೋ ಜನ ಊರಿಗೆ ವಾಪಸ್ ಬಂದಾಗಿತ್ತು.

ನನಗೆ ತುಂಬಾ ಚುಚ್ಚುವ ಸಾಲು ಬೇರೆ. 2015ರ ಮಾರ್ಚ್‌ನಲ್ಲಿ ಫಿಫಾ ಟೂರ್ನಿಯನ್ನು ಬೇಸಿಗೆಯಿಂದ ನವೆಂಬರ್-ಡಿಸೆಂಬರ್‌ಗೆ ತಳ್ಳಿತು. ಕಾರಣ ಬಿಸಿಲು. 90 ನಿಮಿಷ ಆಡುವವರಿಗೆ ಆ ಬಿಸಿಲು ಆಗಿಬರುವುದಿಲ್ಲ ಅಂತ ಒಪ್ಪಿಕೊಂಡ ಹಾಗಾಯಿತು. ಯುರೋಪಿನ ಲೀಗ್‌ಗಳು ಎಷ್ಟು ಗೊಣಗಿದರೂ ಬಿಡಲಿಲ್ಲ. ಅದೇ ಬಿಸಿಲಿನಲ್ಲಿ ಸ್ಟೇಡಿಯಂ ಕಟ್ಟುವವರಿಗೆ ಮಧ್ಯಾಹ್ನದ ಬಿಡುವು 10 ಗಂಟೆಯಿಂದ ಮೂರೂವರೆವರೆಗೆ ಹಿಗ್ಗಿದ್ದು 2021ರಲ್ಲಿ, ಆರು ವರ್ಷ ಆದ ಮೇಲೆ.

ಬೇಡ ಅನ್ನುವ ಶಕ್ತಿ ಯಾರಿಗಿತ್ತು ನೋಡಿ

ಮದುವೆ ಊಟ ತಿಂದು ನೂರು ಜನ ಆಸ್ಪತ್ರೆ ಸೇರಿದರೆ, ಮದುವೆ ಮನೆಯವರು "ಅಡುಗೆ ಕಾಂಟ್ರಾಕ್ಟ್ ಕೊಟ್ಟಿದ್ದೆ, ನನಗೇನು ಗೊತ್ತು" ಅಂದರೆ ಬೀಗರು ಸುಮ್ನೆ ಇರುತ್ತಾರಾ? ಸೌಟು ಹಿಡಿದವನು ಅವನಲ್ಲ, ನಿಜ. ಆದರೆ ಭಟ್ಟರನ್ನು ಆರಿಸಿದವನು ಅವನು, ಬೇಡ ಅಂದಿದ್ದರೆ ಬೇರೆಯವರು ಬರುತ್ತಿದ್ದರು, ಜೊತೆಗೆ ಉಡುಗೊರೆ ತಗೊಂಡವನೂ ಅವನೇ. ಫಿಫಾ 2019ರಿಂದ 2022ರವರೆಗಿನ ನಾಲ್ಕು ವರ್ಷದಲ್ಲಿ ಗಳಿಸಿದ್ದು ಸುಮಾರು 757 ಕೋಟಿ ಡಾಲರ್.

ಶಕ್ತಿ ಇರಲಿಲ್ಲ ಅಂತಾರಾ? ಬ್ರೆಜಿಲ್‌ನಲ್ಲಿ ಫುಟ್‌ಬಾಲ್ ಸ್ಟೇಡಿಯಂ ಒಳಗೆ ಬಿಯರ್ ಮಾರುವ ಹಾಗಿರಲಿಲ್ಲ. 2014ರ ವಿಶ್ವಕಪ್‌ಗೆ ಫಿಫಾ ಪಟ್ಟು ಹಿಡಿಯಿತು, ಅದಕ್ಕಾಗಿ ಅಲ್ಲಿ ಪ್ರತ್ಯೇಕ ಕಾನೂನೇ ಆಯಿತು. ಬಿಯರ್‌ಗೆ ಒಂದು ದೇಶದ ಕಾನೂನು ಅಲ್ಲಾಡಿಸುವವರಿಗೆ ಎಕ್ಸಿಟ್ ಪರ್ಮಿಟ್ ಬಗ್ಗೆ ಮಾತಾಡಲು ಬಾಯಿ ಇರಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಇಲ್ಲಿ ಮೂರು ಪದ ನೆನಪಿಡಿ. ವಿಶ್ವಸಂಸ್ಥೆ 2011ರಲ್ಲಿ ಒಪ್ಪಿದ ವ್ಯವಹಾರ ಮತ್ತು ಮಾನವ ಹಕ್ಕುಗಳ ಮಾರ್ಗಸೂಚಿ ಹೊಣೆಯನ್ನು ಮೂರು ಬಗೆ ಮಾಡುತ್ತದೆ: ತಾನೇ ಹಾನಿ ಮಾಡಿದ್ದು, ಹಾನಿಗೆ ಕೈ ಜೋಡಿಸಿದ್ದು, ವ್ಯವಹಾರದ ನಂಟಿನಿಂದ ಮೆತ್ತಿಕೊಂಡದ್ದು. ಮೊದಲ ಎರಡರಲ್ಲಿ ಪರಿಹಾರ ಕೊಡಬೇಕು. ಮೂರನೆಯದರಲ್ಲಿ ತನ್ನ ಪ್ರಭಾವ ಬಳಸಿ ಸರಿಪಡಿಸಲು ನೋಡಬೇಕು, ಅಷ್ಟೇ. ಹಾಗಾಗಿ ಸಂಸ್ಥೆಗಳೆಲ್ಲ ಮೂರನೆಯ ಕುರ್ಚಿಗೇ ಟವೆಲ್ ಹಾಕುತ್ತವೆ. ಮಾರ್ಗಸೂಚಿ ಬರೆದ ಜಾನ್ ರಗ್ಗಿಯವರನ್ನೇ ಕರೆಸಿ ಫಿಫಾ 2016ರಲ್ಲಿ ವರದಿ ಬರೆಸಿಕೊಂಡಿತು, ತನ್ನ ನಿಯಮಾವಳಿಯ 3ನೇ ವಿಧಿಯಲ್ಲಿ ಮಾನವ ಹಕ್ಕುಗಳನ್ನು ಸೇರಿಸಿತು. ಅಂದರೆ ಈ ಅಳತೆಗೋಲು ನಾವು ಹೊರಗಿನಿಂದ ತಂದದ್ದಲ್ಲ, ಅವರೇ ಒಪ್ಪಿದ್ದು.

ನನ್ನದೇ ಇನ್ನೊಂದು ಪರೀಕ್ಷೆ ಇದೆ. ಹಾನಿ ಆದ ಮೇಲೆ ಸಂಸ್ಥೆ ಯಾವ ಹೊಸ ನಿಯಮ ಮಾಡಿತು ನೋಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಆರ್‌ಸಿಬಿ ಸಂಭ್ರಮದ ನೂಕುನುಗ್ಗಲಲ್ಲಿ 11 ಜನ ಸತ್ತರು. ಫ್ರಾಂಚೈಸಿ, ರಾಜ್ಯ ಕ್ರಿಕೆಟ್ ಸಂಸ್ಥೆ, ಕಾರ್ಯಕ್ರಮ ಮಾಡಿಸಿದ ಕಂಪನಿ, ಪೊಲೀಸರು, ಸರ್ಕಾರ ಒಬ್ಬರ ಕಡೆ ಒಬ್ಬರು ಬೊಟ್ಟು ಮಾಡಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಬಿಸಿಸಿಐ ಇದು ನಮ್ಮ ಕಾರ್ಯಕ್ರಮ ಅಲ್ಲ ಅಂದಿತು. ಅದಾಗಿ ಕೆಲವೇ ವಾರದಲ್ಲಿ, ಮಂಡಳಿಯ ಲಿಖಿತ ಒಪ್ಪಿಗೆ ಇಲ್ಲದೆ ಗೆಲುವಿನ ಸಂಭ್ರಮ ನಡೆಸುವ ಹಾಗಿಲ್ಲ ಅಂತ ನಿಯಮ ಮಾಡಿತು. ಒಳ್ಳೆಯದೇ. ಆದರೆ ಜೂನ್ ಕೊನೆಯಲ್ಲಿ ಇದ್ದ ಅಧಿಕಾರ ಜೂನ್ 3ಕ್ಕೂ ಇತ್ತಲ್ವಾ?

ಯಾವ ಬಾಗಿಲು ತಟ್ಟುವುದು

ಕೋರ್ಟ್ ಮೇಲೆ ಜಾಸ್ತಿ ಆಸೆ ಬೇಡ. ಬಾಂಗ್ಲಾದೇಶದ ಕಾರ್ಮಿಕರೊಬ್ಬರು ಡಚ್ ಕಾರ್ಮಿಕ ಸಂಘದ ಬೆಂಬಲದಿಂದ ಫಿಫಾ ಮೇಲೆ ಜ್ಯೂರಿಚ್‌ನ ವಾಣಿಜ್ಯ ನ್ಯಾಯಾಲಯಕ್ಕೆ ಹೋದರು, 2017ರ ಜನವರಿಯಲ್ಲಿ ಅರ್ಜಿ ಬಿದ್ದುಹೋಯಿತು. ಕಟ್ಟಡ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ 2015ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಶ್ರೀಮಂತ ದೇಶಗಳ ಕೂಟ ಓಇಸಿಡಿಯ ನಿಯಮದಡಿ ಕೊಟ್ಟ ದೂರು ಸ್ವಲ್ಪ ಮುಂದೆ ಹೋಯಿತು. ಮಾತುಕತೆ ಆಯಿತು, ಹಣದ ಆದೇಶ ಬರಲಿಲ್ಲ.

ಉಳಿದಿದ್ದು ಅವರ ಕಾಗದವನ್ನು ಅವರ ಮುಂದೆಯೇ ಹಿಡಿಯುವುದು. 2022ರ ಮೇನಲ್ಲಿ ಆಮ್ನೆಸ್ಟಿ, ಹ್ಯೂಮನ್ ರೈಟ್ಸ್ ವಾಚ್ ಮೊದಲಾದ ಮಾನವ ಹಕ್ಕು ಸಂಘಟನೆಗಳು ತಂಡಗಳ ಬಹುಮಾನದ ಮೊತ್ತದಷ್ಟೇ, ಅಂದರೆ 44 ಕೋಟಿ ಡಾಲರ್, ಕಾರ್ಮಿಕರಿಗೂ ಇಡಿ ಅಂತ ಕೇಳಿದವು. 2024ರ ನವೆಂಬರ್‌ನಲ್ಲಿ ಫಿಫಾ 5 ಕೋಟಿ ಡಾಲರ್‌ನ ಪರಂಪರೆ ನಿಧಿ ಪ್ರಕಟಿಸಿತು. ಅದರಲ್ಲಿ ಸತ್ತವರ ಮನೆಯವರಿಗೆ ಪರಿಹಾರ ಇಲ್ಲ. ಅದೇ ವಾರ ಫಿಫಾದ್ದೇ ಉಪಸಮಿತಿಯ ವರದಿ ಹೊರಬಂತು. ಪರಿಹಾರದ ವಿಷಯದಲ್ಲಿ ಫಿಫಾ ಇನ್ನಷ್ಟು ಮಾಡಬೇಕಾದ ಹೊಣೆ ಇದೆ ಅಂತ ಅದು ಹೇಳಿತು. ಇನ್ನು ಯಾರಾದರೂ ಫಿಫಾಗೇನು ಸಂಬಂಧ ಅಂತ ವಾದಿಸಿದರೆ ಆ ವರದಿಯನ್ನೇ ತೋರಿಸಿ.

ನಮ್ಮವರು ಹೊರಟಿದ್ದರೆ

2024ರ ಡಿಸೆಂಬರ್ 11ರಂದು 2034ರ ವಿಶ್ವಕಪ್ ಸೌದಿಗೆ ಹೋಯಿತು. ಬೇರೆ ಸ್ಪರ್ಧಿಯೇ ಇರಲಿಲ್ಲ. ಸದಸ್ಯರು ವಿಡಿಯೋದಲ್ಲಿ ಚಪ್ಪಾಳೆ ತಟ್ಟಿದರು, ಮುಗೀತು. 15 ಸ್ಟೇಡಿಯಂ, ಐದು ನಗರ. 2025ರ ಮಾರ್ಚ್‌ನಲ್ಲೇ ಅಲ್ ಖೋಬರ್‌ನ ಸ್ಟೇಡಿಯಂ ಕೆಲಸದಲ್ಲಿ ಪಾಕಿಸ್ತಾನದ ಕಾರ್ಮಿಕರೊಬ್ಬರು ಎತ್ತರದಿಂದ ಬಿದ್ದು ಸತ್ತಿದ್ದಾರೆ.

ಹತ್ತನೇ ಕ್ಲಾಸ್ ಪಾಸಾಗದೆ ಇಸಿಆರ್ (ವಲಸೆ ತಪಾಸಣೆ ಬೇಕಾದ) ಪಾಸ್‌ಪೋರ್ಟ್ ಇರುವವರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿ ಇರುವ ಏಜೆಂಟ್ ಮೂಲಕವೇ ಹೋಗಲಿ. ಏಜೆಂಟ್ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ನನ್ನ ಕ್ಲಾಸ್‌ಮೇಟ್ ಒಬ್ಬ ಅದರ ನಾಲ್ಕರಷ್ಟು ಕೊಟ್ಟು ಹೋದ, ರಸೀದಿ ಕೇಳಲು ನಾಚಿಕೆ ಅಂತೆ. ಕೇಳಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿ ವಿಮೆ ಇದೆ, ಆದರೆ ಅದು ಅಪಘಾತದ ಸಾವಿಗೆ. "ನ್ಯಾಚುರಲ್" ಎಂಬ ಆ ಪದ ಇಲ್ಲೂ ಅಡ್ಡ ಬರುತ್ತದೆ.

ಕಾಂಟ್ರಾಕ್ಟ್, ಇಕಾಮಾ (ಅಲ್ಲಿ ಇರಲು ಕೊಡುವ ಪರವಾನಗಿ ಕಾರ್ಡ್), ಸಂಬಳದ ಚೀಟಿ, ಸೈಟ್‌ನ ಹೆಸರು, ಮುಖ್ಯ ಕಂಪನಿಯ ಹೆಸರು, ಎಲ್ಲದರ ಫೋಟೋ ತೆಗೆದು ಮನೆಯವರ ಫೋನಿಗೆ ಕಳಿಸಿಡಲಿ. ಸೈಟ್ ಯಾವುದು ಅಂತ ಗೊತ್ತಿಲ್ಲದಿದ್ದರೆ ಅದು ವಿಶ್ವಕಪ್ ಕೆಲಸ ಅಂತ ಆಮೇಲೆ ತೋರಿಸಲು ಆಗುವುದಿಲ್ಲ. ಸಂಬಳ ನಿಂತರೆ, ಪಾಸ್‌ಪೋರ್ಟ್ ಕಿತ್ತುಕೊಂಡರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ ನಂಬರ್ ಬರೆದಿಟ್ಟುಕೊಳ್ಳಿ.

ಕೆಟ್ಟ ಸುದ್ದಿಯೇ ಬಂದರೆ, ಆ ಹೊತ್ತಿಗೆ ಮನೆಯಲ್ಲಿ ಯಾರಿಗೂ ತಲೆ ಓಡುವುದಿಲ್ಲ. ಹಾಗಾಗಿ ಅಕ್ಕಪಕ್ಕದವರು ಯಾರಾದರೂ ಇದನ್ನು ಮಾಡಿ. "ಇನ್ನು ಏನೂ ಬಾಕಿ ಇಲ್ಲ" ಅನ್ನುವಂಥ ಕಾಗದಕ್ಕೆ ಓದದೆ ಸಹಿ ಹಾಕಿಸಬೇಡಿ. ಸತ್ತ ದಿನ ಎಷ್ಟು ಹೊತ್ತು, ಯಾವ ಬಿಸಿಲಿನಲ್ಲಿ ಕೆಲಸ ಮಾಡಿದ್ದ ಅಂತ ಅವನ ರೂಮಿನವರ ಹತ್ತಿರ ಅವತ್ತೇ ವಾಯ್ಸ್ ಮೆಸೇಜ್ ಪಡೆಯಿರಿ, ಒಂದು ತಿಂಗಳಾದ ಮೇಲೆ ಅವರು ಬೇರೆ ಕ್ಯಾಂಪಿನಲ್ಲಿರುತ್ತಾರೆ. ಮರಣ ಪತ್ರದಲ್ಲಿ ಸಹಜ ಸಾವು ಅಂತ ಇದ್ದರೆ, ಯಾವ ಪರೀಕ್ಷೆ ಮಾಡಿ ಹಾಗೆ ಬರೆದರು ಅಂತ ರಾಯಭಾರ ಕಚೇರಿಗೆ ಇಮೇಲ್‌ನಲ್ಲೇ ಕೇಳಿ, ಫೋನಿನಲ್ಲಿ ಅಲ್ಲ.