ರಾಣಿಯ ತಲೆಯಲ್ಲಿ ತೂತಿದೆಯೇ? ಹಳೆಯ ಕೋರ್ಟ್ ಕಾಗದ ಕೊಳ್ಳುವ ಮುನ್ನ

ಬೆಳಗಾವಿಯಲ್ಲಾಗಲಿ ವಿಜಯಪುರದಲ್ಲಾಗಲಿ ಹಳೆಯ ಮನೆಯೊಂದನ್ನು ಕೆಡವುವಾಗ ಅಟ್ಟದ ಮೇಲಿಂದ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ದಪ್ತರವೊಂದು ಕೆಳಗಿಳಿಯುವುದು ಅಪರೂಪವೇನಲ್ಲ. ಅದರೊಳಗೆ ಖರೀದಿ ಪತ್ರ, ಗಹಾಣ (ಅಡಮಾನ) ಪತ್ರ, ವಾಟ್ನಿ (ಪಾಲು) ಪತ್ರಗಳ ನಡುವೆ ಬ್ರಿಟಿಷ್ ಕಾಲದ ಕೋರ್ಟಿನ ಹುಕುಮನಾಮೆಯೊಂದು (ಡಿಕ್ರಿ) ಸಿಕ್ಕರೂ ಸಿಕ್ಕೀತು. ಮನೆಯವರು ತೂಕಕ್ಕೆ ಹಾಕಿದ ಈ ಕಾಗದ ರದ್ದಿ ಅಂಗಡಿಯಿಂದ ಹಳೆಯ ನಾಣ್ಯ ಮಾರುವವರ ಕೈಗೆ ಬಂದು, ಕೊನೆಗೆ ‘ನ್ಯಾಯಾಧೀಶರ ಸಹಿಯುಳ್ಳ ಮೂಲ ದಾಖಲೆ’ ಎಂಬ ಹೆಸರು ಹೊತ್ತು ಸಂಗ್ರಾಹಕರನ್ನು ತಲುಪುತ್ತದೆ. ಈ ಹೆಸರಿನಲ್ಲಿರುವ ‘ಸಹಿ’, ‘ಮೂಲ’ ಎಂಬ ಎರಡು ಮಾತುಗಳನ್ನೂ ಪರೀಕ್ಷಿಸದೆ ಹಣ ಎಣಿಸಬಾರದು.

ಮೊದಲು ನೋಡಬೇಕಾದದ್ದು ಸಹಿ ಯಾರದು ಎಂಬುದನ್ನು. ಪಕ್ಷಕಾರರ ಮನೆಗಳಲ್ಲಿ ಉಳಿದಿರುವ ತೀರ್ಪು, ಹುಕುಮನಾಮೆಗಳಲ್ಲಿ ಹೆಚ್ಚಿನವು ದೃಢೀಕೃತ ನಕಲುಗಳು. ಮೂಲ ಪ್ರತಿ ಕೋರ್ಟಿನ ದಪ್ತರದಲ್ಲೇ ಇರುತ್ತದೆ. ನಕಲು ಬರೆಯುವ ಕಾರಕೂನನು ತೀರ್ಪಿನ ಕೊನೆಗೆ ‘ಸಹಿ’ ಎಂದು ಬರೆದು, ಅದರ ಮುಂದೆ ನ್ಯಾಯಾಧೀಶರ ಹೆಸರನ್ನು ತನ್ನ ಕೈಯಿಂದಲೇ ಬರೆಯುತ್ತಿದ್ದ. ಹಲವು ವರ್ಷಗಳ ಹಿಂದೆ ನಾನು ಕೊಂಡ ಮೊದಲ ಕಾಗದದಲ್ಲಿ ಇಂಗ್ಲಿಷ್ ಹೆಸರೊಂದು ಎಷ್ಟು ಸೊಗಸಾಗಿ ಬರೆದಿತ್ತೆಂದರೆ, ಅದು ಸಾಹೇಬರ ಕೈಬರಹವೇ ಎಂದು ತಿಂಗಳುಗಟ್ಟಲೆ ನಂಬಿದ್ದೆ. ಒಮ್ಮೆ ಭೂತಕನ್ನಡಿ ಹಿಡಿದು ನೋಡಿದಾಗ, ಮೇಲಿನ ಇಪ್ಪತ್ತು ಸಾಲುಗಳ ಅಕ್ಷರವೂ ಆ ಹೆಸರಿನ ಅಕ್ಷರವೂ ಒಂದೇ ಮಸಿ, ಒಂದೇ ಓಟದಲ್ಲಿದ್ದವು. ಆ ಹಾಳೆಯಲ್ಲಿ ನಿಜವಾಗಿ ಸಹಿ ಮಾಡಿದ್ದವರು, ಕೆಳಗೆ ಮೂಲೆಯಲ್ಲಿ ‘ತಾಳೆ ನೋಡಿದೆ’ ಎಂಬರ್ಥದ ಒಕ್ಕಣೆಯ ಪಕ್ಕ ಗೀಚಿದ್ದ ಕಚೇರಿಯ ಅಧಿಕಾರಿ ಮಾತ್ರ. ಆದ್ದರಿಂದ ಹೆಸರಿನ ಅಕ್ಷರವನ್ನು ಪಠ್ಯದ ಅಕ್ಷರದೊಂದಿಗೆ ಹೋಲಿಸುವುದು ಎಲ್ಲಕ್ಕಿಂತ ಮೊದಲ ಕೆಲಸ.

ಹಾಗಾದರೆ ನ್ಯಾಯಾಧೀಶರ ಅಸಲಿ ಸಹಿ ನ್ಯಾಯವಾದ ದಾರಿಯಲ್ಲಿ ಸಿಗುವುದೆಲ್ಲಿ? ಕಾಗದದ ಬೆನ್ನಿನಲ್ಲಿ. ದಾವೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಿದ ಖರೀದಿ ಪತ್ರ, ಸಾಲಪತ್ರಗಳ ಮೇಲೆ ದಾವೆಯ ಸಂಖ್ಯೆ, ಪಕ್ಷಕಾರರ ಹೆಸರು, ಹಾಜರುಪಡಿಸಿದವರ ಹೆಸರು, ತಾರೀಖು ಇವನ್ನೆಲ್ಲ ನಮೂದಿಸಿ ನ್ಯಾಯಾಧೀಶರು ಪೂರ್ಣ ಸಹಿಯನ್ನೋ ಚಿಕ್ಕ ಸಹಿಯನ್ನೋ ಹಾಕಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೆಯ ಆದೇಶ ಹೇಳುತ್ತದೆ. ದಾವೆ ಮುಗಿದು ಅಪೀಲಿನ ಅವಧಿಯೂ ಕಳೆದ ಮೇಲೆ ಅಂಥ ಪತ್ರಗಳನ್ನು ಕೊಟ್ಟವರಿಗೆ ಹಿಂದಿರುಗಿಸಲು ಅದೇ ಆದೇಶದಲ್ಲಿ ಅವಕಾಶವಿದೆ. ಮುಂಭಾಗದಲ್ಲಿ ಎರಡು ಎಕರೆ ಎರೆ ಹೊಲದ ಸಾಮಾನ್ಯ ಗಹಾಣ, ಹಿಂಭಾಗದಲ್ಲಿ ನಾಲ್ಕು ಸಾಲಿನ ಕೋರ್ಟಿನ ಒಕ್ಕಣೆ ಮತ್ತು ಅಸಲಿ ಸಹಿ: ಸಂಗ್ರಾಹಕನಿಗೆ ಇದಕ್ಕಿಂತ ಹೆಚ್ಚೇನು ಬೇಕು? ಮಾರುವವರು ಮುಂಭಾಗವನ್ನಷ್ಟೇ ತೋರಿಸುತ್ತಾರೆ. ನೀವು ತಿರುಗಿಸಿ ನೋಡಿ.

ಇದಕ್ಕೆ ಬದಲಾಗಿ ಜಬಾನಿ (ಸಾಕ್ಷಿಯ ಹೇಳಿಕೆ), ಮೂಲ ತೀರ್ಪು, ಕೋರ್ಟಿನ ಪುಟಸಂಖ್ಯೆಯುಳ್ಳ ಪೂರ್ತಿ ಕಡತ ಮಾರಾಟಕ್ಕೆ ಬಂದರೆ ಕೈ ಹಿಂದೆಗೆಯುವುದೇ ಲೇಸು. ಹಳೆಯ ಕಡತಗಳನ್ನು ನಾಶಪಡಿಸಲು 1917ರ ಕಾಯಿದೆಯೊಂದರ ಅಡಿಯಲ್ಲಿ ನಿಯಮಗಳಿವೆ ಎಂಬುದು ನಿಜ. ಆದರೆ ಸುಡಬೇಕಾದ ಕಡತ ಸಂತೆಗೆ ಹೇಗೆ ಬಂತೆಂದು ಮಾರುವವನು ಹೇಳಲಾರದಿದ್ದರೆ, ಆ ಪ್ರಶ್ನೆಗೆ ಮುಂದೆ ನೀವೇ ಉತ್ತರ ಕೊಡಬೇಕಾದೀತು.

ಮುಂದಿನದು ಛಾಪಾ ಕಾಗದ, ಅಂದರೆ ಸ್ಟಾಂಪ್ ಪೇಪರ್. ಇಲ್ಲಿ ಹೊಸಬರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಕೋರ್ಟ್ ಫೀ ಮುದ್ರೆಯಲ್ಲಿನ ರಾಣಿಯ ಅಥವಾ ರಾಜನ ತಲೆಯ ಜಾಗದಲ್ಲಿ ಗುಂಡಗೆ ತೂತಿರುವುದನ್ನು ಕಂಡು, ಕಾಗದ ಕೆಟ್ಟಿದೆ ಎಂದು ಬಿಟ್ಟುಬಿಡುತ್ತಾರೆ. ವಾಸ್ತವವಾಗಿ, ಮುದ್ರೆಯನ್ನು ಎರಡನೆಯ ಸಲ ಬಳಸದಂತೆ ಅದರ ತಲೆಯ ಚಿತ್ರವನ್ನೇ ತೂತು ಹೊಡೆದು ತೆಗೆಯಬೇಕು, ಮೊತ್ತ ಬರೆದ ಭಾಗ ಹಾಗೇ ಉಳಿಯಬೇಕು, ಕತ್ತರಿಸಿದ ಚೂರನ್ನು ಸುಟ್ಟೋ ಬೇರೆ ರೀತಿಯಲ್ಲೋ ನಾಶಮಾಡಬೇಕು ಎಂದು 1870ರ ಕೋರ್ಟ್ ಫೀ ಕಾಯಿದೆಯ 30ನೆಯ ಕಲಮು ವಿಧಿಸಿತ್ತು. ಕೋರ್ಟಿಗೆ ಸಲ್ಲಿಸಿದ್ದೆಂದು ಹೇಳುವ ಅರ್ಜಿಯಲ್ಲಿ ರಾಣಿಯ ಮುಖ ಅಖಂಡವಾಗಿದ್ದರೆ ಅನುಮಾನಪಡಬೇಕಾದದ್ದು ಆಗ. ಖರೀದಿ ಪತ್ರದ ಛಾಪಾ ಕಾಗದಕ್ಕೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಅದರಲ್ಲಿ ಛಾಪಾ ಕಾಗದ ಮಾರಿದವನ ಬರಹವನ್ನು ಹುಡುಕಬೇಕು. ಕಾಗದ ಕೊಂಡ ತಾರೀಖು ಪತ್ರ ಬರೆದ ತಾರೀಖಿಗಿಂತ ಈಚಿನದಾಗಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಸ್ಥಳ, ಹುದ್ದೆ, ಕಾಲ ಈ ಮೂರೂ ಒಂದಕ್ಕೊಂದು ಹೊಂದಬೇಕು. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ 1869ರ ಸಿವಿಲ್ ಕೋರ್ಟುಗಳ ಕಾಯಿದೆಯ ನಂತರ ಕೆಳಕೋರ್ಟಿನ ನ್ಯಾಯಾಧೀಶರಿಗಿದ್ದ ಮುನಸೀಫ, ಸದರ ಅಮೀನ ಎಂಬ ಹೆಸರುಗಳು ಹೋಗಿ ‘ಸಬಾರ್ಡಿನೇಟ್ ಜಡ್ಜ್’ ಎಂಬ ಹೆಸರು ಬಂತು. ಆದ್ದರಿಂದ 1890ರ ಬೆಳಗಾವಿಯ ಕಾಗದದಲ್ಲಿ ಮುನಸೀಫರು ಕಾಣಿಸಿಕೊಂಡರೆ, ಅದು ಮೈಸೂರು ಅಥವಾ ಮದ್ರಾಸ್ ಪ್ರಾಂತದ ಕಡೆಯದಿರಬಹುದೇ ಎಂದು ವಿಚಾರಿಸಬೇಕು. ವಿಜಯಪುರವು ಜಿಲ್ಲಾ ಕೇಂದ್ರವಾದದ್ದು 1885ರಲ್ಲಿ. ಅದಕ್ಕೆ ಮೊದಲು ಕೇಂದ್ರವಿದ್ದದ್ದು ಈಗಿನ ಬಾಗಲಕೋಟೆ ಜಿಲ್ಲೆಯ ಕಲಾದಗಿಯಲ್ಲಿ, ಜಿಲ್ಲೆಯ ಹೆಸರೂ ಅದೇ. ಜಮಖಂಡಿ, ಮುಧೋಳ, ರಾಮದುರ್ಗಗಳು ಸಂಸ್ಥಾನಗಳಾಗಿದ್ದು, ಅಲ್ಲಿನ ಕೋರ್ಟುಗಳ ಕಾಗದಗಳನ್ನು ಪ್ರತ್ಯೇಕವಾಗಿಯೇ ನೋಡಬೇಕು. ಕಾಗದದ ತಾರೀಖು ಶಕ ವರ್ಷದಲ್ಲಿದ್ದರೆ ಅದಕ್ಕೆ 78, ನಮ್ಮ ಕಡೆಯ ಫಸಲಿಯಲ್ಲಿದ್ದರೆ (ಕಂದಾಯದ ವರ್ಷ) 590 ಕೂಡಿಸಿದರೆ ಇಸವಿ ಸುಮಾರಾಗಿ ಸಿಗುತ್ತದೆ.

ಪ್ರಸಿದ್ಧರ ಹೆಸರು ಬಂದಾಗ ಬೆಲೆಯೊಂದಿಗೆ ಸುಳ್ಳೂ ಏರುತ್ತದೆ. ಲೋಕಮಾನ್ಯ ಟಿಳಕರು 1916ರಲ್ಲಿ ಬೆಳಗಾವಿಯಲ್ಲಿ ಮಾಡಿದ ಭಾಷಣ ಅವರ ಮೇಲಿನ ಪ್ರಕರಣಕ್ಕೆ ಒಂದು ಕಾರಣವಾಗಿತ್ತು. ಆದರೆ ಆ ವಿಚಾರಣೆ ನಡೆದದ್ದು ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ, ಅವರ ಆದೇಶವನ್ನು ಅದೇ ವರ್ಷ ನವೆಂಬರಿನಲ್ಲಿ ತಳ್ಳಿಹಾಕಿದ್ದು ಮುಂಬಯಿ ಹೈಕೋರ್ಟು. ಆ ಪ್ರಕರಣದಲ್ಲಿ ಟಿಳಕರು ಸಹಿ ಮಾಡಿದ ಜಾಮೀನುಪತ್ರವೆಂದು ಹೇಳಿ ‘ಬೆಳಗಾವಿ ಕೋರ್ಟಿನ’ ಕಾಗದವೊಂದನ್ನು ಯಾರಾದರೂ ಮುಂದಿಟ್ಟರೆ, ಚಹಾ ಕುಡಿದು ಎದ್ದು ಬರಬಹುದು.

ಮಸಿಯ ವಿಷಯದಲ್ಲಿ ಎರಡೇ ಮಾತು. ಅನ್ನಭೇದಿ (ಕಬ್ಬಿಣದ ಲವಣ), ಮಾಚಿಕಾಯಿ ಸೇರಿಸಿ ಮಾಡಿದ ಮಸಿ ಕಾಲ ಸಂದಂತೆ ಕಂದಾಗಿ ಕಾಗದವನ್ನು ತಿನ್ನುತ್ತದೆ. ಕಾಡಿಗೆಯ ಮಸಿ ಕಪ್ಪಾಗಿಯೇ ಉಳಿಯುತ್ತದೆ. ಒಂದೇ ಹಾಳೆಯಲ್ಲಿ ಮೋಡಿ (ಮರಾಠಿಯ ಹಳೆಯ ಓಡುಬರಹದ ಲಿಪಿ) ಬರಹ ಕಪ್ಪಾಗಿದ್ದು ಇಂಗ್ಲಿಷ್ ಸಹಿ ಕಂದಾಗಿದ್ದರೆ ಅದು ತನ್ನಷ್ಟಕ್ಕೆ ದೋಷವಲ್ಲ.

ಕೊಂಡ ಮೇಲೆ ಲ್ಯಾಮಿನೇಷನ್ ಮಾಡಿಸುವುದು ಕಾಗದವನ್ನು ಕೊಂದಂತೆಯೇ ಸರಿ. ಟೇಪು ಅಂಟಿಸಬೇಡಿ, ಟಾಚಣಿಯಿದ್ದರೆ ತುಕ್ಕು ಹರಡುವ ಮೊದಲು ಮೆಲ್ಲಗೆ ತೆಗೆಯಿರಿ, ಆಮ್ಲರಹಿತ ಕಾಗದದ ನಡುವೆ ಮಡಿಕೆ ಬಿಡಿಸಿ ಮಲಗಿಸಿ, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಬೆಳಗಾವಿಯ ಮಳೆಗಾಲದ ತೇವಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಮಡಿಕೆಗಳು ಒಣಗಿ ಮುರಿಯುತ್ತವೆ. ಎಪ್ಪತ್ತೈದು ವರ್ಷ ದಾಟಿದ, ಐತಿಹಾಸಿಕ ಮಹತ್ವವುಳ್ಳ ದಾಖಲೆಯನ್ನು 1972ರ ಪ್ರಾಚ್ಯವಸ್ತು ಕಾಯಿದೆ ಪ್ರಾಚ್ಯವಸ್ತುವೆಂದೇ ಎಣಿಸುತ್ತದೆ. ಆದ್ದರಿಂದ ವಿದೇಶದಲ್ಲಿರುವ ಗೆಳೆಯರು ಎಷ್ಟೇ ಕೇಳಿದರೂ ಅಂಥದ್ದನ್ನು ಅಂಚೆಯಲ್ಲಿ ಕಳಿಸುವಂತಿಲ್ಲ. ಕಾಗದ ಎಲ್ಲಿ, ಯಾರಿಂದ, ಯಾವ ದಿನ ಬಂತೆಂಬುದನ್ನು ಹಾಳೆಯ ಮೇಲಲ್ಲ, ಅದನ್ನಿಟ್ಟ ಲಕೋಟೆಯ ಮೇಲೆ, ಹಾಳೆ ಒಳಗೆ ಹಾಕುವ ಮೊದಲೇ, ಸೀಸದಕಡ್ಡಿಯಲ್ಲಿ ಬರೆದಿಡಿ.