ಸಿಮ್ಯುಲೇಟರ್‌ಗೆ ಟೈಗರ್ ಮಾತ್: ಎಲ್ಲಿ ಕೆತ್ತಬೇಕು, ಎಲ್ಲಿ ಬಿಡಬೇಕು

ರೇಡಿಯೋ ಕಂಟ್ರೋಲ್ ಸಿಮ್ಯುಲೇಟರ್ ಅಂದರೆ ರಿಮೋಟ್ ವಿಮಾನ ಹಾರಿಸುವುದನ್ನು ಕಂಪ್ಯೂಟರ್‌ನಲ್ಲಿ ಅಭ್ಯಾಸ ಮಾಡುವ ಸಾಫ್ಟ್‌ವೇರ್. ಅದಕ್ಕೆ ಟೈಗರ್ ಮಾತ್ ಅನ್ನುವ ಹಳೆಯ ತರಬೇತಿ ವಿಮಾನದ 3ಡಿ ಮಾಡೆಲ್ ಮಾಡುವ ಬಗೆ ಇದು. ಇಲ್ಲಿ ನೀವು ಕಾಕ್‌ಪಿಟ್ ಒಳಗೆ ಕೂತಿರುವುದಿಲ್ಲ. ರಿಮೋಟ್ ಹಿಡಿದು ಮೈದಾನದಲ್ಲಿ ನಿಂತಿರುತ್ತೀರಿ. ವಿಮಾನ ಮೂವತ್ತು, ಐವತ್ತು ಮೀಟರ್ ದೂರದಲ್ಲಿ ಹಾರುತ್ತಿರುತ್ತದೆ. ಮಾಡೆಲ್ ಮಾಡಲು ಕೂತವರು ಇದನ್ನೇ ಮರೆಯುತ್ತಾರೆ. ಮೀಟರಿನ ಮುಳ್ಳು, ಸೀಟ್ ಬೆಲ್ಟಿನ ಬಕಲ್ ಅಂತ ವಾರಗಟ್ಟಲೆ ಕೆತ್ತುತ್ತಾರೆ. ಹಾರಿಸಿದಾಗ ಅದ್ಯಾವುದೂ ಕಾಣುವುದಿಲ್ಲ. ರೆಕ್ಕೆಯ ಓರೆ ತಪ್ಪಿದ್ದರೆ ಮಾತ್ರ ಎದ್ದು ಕಾಣುತ್ತದೆ.

ನಾನು ಕೊಡಗಿನ ಗೋಣಿಕೊಪ್ಪದಲ್ಲಿ ಡಿಟಿಪಿ, ಫ್ಲೆಕ್ಸ್ ಕೆಲಸ ಮಾಡುವವನು. ಮಳೆಗಾಲದಲ್ಲಿ ಇಲ್ಲಿ ಆರ್ಡರ್ ಕಡಿಮೆ, ಹೊರಗೆ ಮಾಡೆಲ್ ಹಾರಿಸುವ ಮಾತೇ ಇಲ್ಲ. ಆಗ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ತೆಗೆದು ಕೂರುತ್ತೇನೆ. ಅದು ಉಚಿತ, ಈ ಕೆಲಸಕ್ಕೆ ಧಾರಾಳ ಸಾಕು. ನಿಮ್ಮ ಕಡೆಯೂ ಗಾಳಿ ಬೀಸಿದ ಕೂಡಲೇ ಕರೆಂಟ್ ಹೋಗುತ್ತದೆ ಅಂತಾದರೆ ಮೊದಲು ಆಟೋ ಸೇವ್ ಅನ್ನು ಒಂದು ನಿಮಿಷಕ್ಕೆ ಇಳಿಸಿ.

ಯಾವ ವಿಮಾನ? ನನ್ನ ತಂಗಿ ಮಗ ಕೇಳುವುದು ಒಂದೇ: "ಮಾಮ, ದೇವಯ್ಯನವರ ಮಿಸ್ಟೇರ್ ಮಾಡಿ." ಕೊಡಗಿನ ಹುಡುಗ ಇನ್ನೇನು ಕೇಳುತ್ತಾನೆ? 1965ರ ಯುದ್ಧದಲ್ಲಿ ಮಿಸ್ಟೇರ್ ಜೆಟ್‌ನಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ, ತಮಗಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಜೆಟ್ ಅನ್ನು ಕೆಡವಿದವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಮರಣೋತ್ತರವಾಗಿ. ಆದರೆ ಜೆಟ್ ಅಂದರೆ ನಯವಾದ ಕೊಳವೆ. ಅದರಲ್ಲಿ ಕಲಿಯಲು ಹೆಚ್ಚೇನಿಲ್ಲ. ಟೈಗರ್ ಮಾತ್‌ನಲ್ಲಿ ಎರಡು ರೆಕ್ಕೆ, ಕಂಬಗಳು, ತಂತಿಗಳು, ಬಟ್ಟೆ ಹೊದಿಕೆ ಎಲ್ಲವೂ ಇವೆ. 1931ರಲ್ಲಿ ಮೊದಲು ಹಾರಿದ ಈ ವಿಮಾನದಲ್ಲೇ ನಮ್ಮ ವಾಯುಪಡೆಯ ಹಳೆಯ ಪೈಲಟ್‌ಗಳು ಕೈ ಪಳಗಿಸಿಕೊಂಡದ್ದು. ಅಂಥ ಒಂದು ವಿಮಾನ, ಎಚ್‌ಯು 512, ದುರಸ್ತಿಯಾಗಿ 2012ರ ವಾಯುಪಡೆ ದಿನದಂದು ಮತ್ತೆ ಹಾರಿತು. ಅದರ ಫೋಟೋಗಳು ಬೇಕಾದಷ್ಟು ಸಿಗುತ್ತವೆ.

ಅಳತೆ ಮೊದಲು. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್, ಉದ್ದ 7.29 ಮೀಟರ್. ನಾವು ಮಾಡುವುದು ಇದರ ರಿಮೋಟ್ ಮಾಡೆಲ್, ಹಾಗಾಗಿ ನಾಲ್ಕನೇ ಒಂದು ಭಾಗಕ್ಕೆ ಇಳಿಸಿದರೆ 2.23 ಮತ್ತು 1.82 ಮೀಟರ್. ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ಬರೆದ ಮೂರು ನೋಟದ ನಕ್ಷೆಯನ್ನು ಹಿನ್ನೆಲೆಗೆ ಇಟ್ಟುಕೊಳ್ಳಿ. ಸ್ಕ್ಯಾನ್ ಆದ ನಕ್ಷೆಗಳು ಹೆಚ್ಚಾಗಿ ಒಂದು ಕಡೆಗೆ ಎಳೆದ ಹಾಗಿರುತ್ತವೆ. ಉದ್ದ ಅಗಲ ಎರಡನ್ನೂ ಅಳೆದು ಸರಿಮಾಡಿ.

ಇಲ್ಲಿ ಆತುರ ಬೇಡ. ಟೈಗರ್ ಮಾತ್ ಟೈಗರ್ ಮಾತ್ ಅನ್ನಿಸುವುದೇ ರೆಕ್ಕೆಗಳು ಹಿಂದಕ್ಕೆ ಬಾಗಿರುವುದರಿಂದ. ಪ್ಯಾರಾಶೂಟ್ ಕಟ್ಟಿಕೊಂಡವನು ಮುಂದಿನ ಸೀಟಿನಿಂದ ಹಾರಿ ತಪ್ಪಿಸಿಕೊಳ್ಳಬೇಕಿತ್ತು. ಮೇಲಿನ ರೆಕ್ಕೆಯ ನಡುಭಾಗ ಅಡ್ಡ ಬರುತ್ತಿತ್ತು. ಅದನ್ನು ಮುಂದಕ್ಕೆ ಸರಿಸಿದರು. ತೂಕದ ಲೆಕ್ಕ ಸರಿಹೋಗಲು ರೆಕ್ಕೆಯ ತುದಿಗಳನ್ನು ಹಿಂದಕ್ಕೆ ಎಳೆದರು. ಇದು ತಿಳಿದಿದ್ದರೆ ನಡುಭಾಗದ ಕಂಬಗಳು ಯಾಕೆ ಮುಂದಕ್ಕೆ ವಾಲಿವೆ ಅಂತಲೂ ಗೊತ್ತಾಗುತ್ತದೆ, ನೆಟ್ಟಗೆ ನಿಲ್ಲಿಸುವ ತಪ್ಪು ಆಗುವುದಿಲ್ಲ. ಆ ನಡುಭಾಗವೇ ಪೆಟ್ರೋಲ್ ಟ್ಯಾಂಕ್. ಅದರ ಉಬ್ಬನ್ನು ಬಿಡಬೇಡಿ, ದೂರಕ್ಕೂ ಕಾಣುತ್ತದೆ. ಮೂತಿಯೂ ಹಾಗೆಯೇ. ಜಿಪ್ಸಿ ಮೇಜರ್ ತಲೆಕೆಳಗಾದ ಎಂಜಿನ್, ನಾಲ್ಕು ಸಿಲಿಂಡರ್ ಕೆಳಮುಖ. ಅದಕ್ಕೇ ಮೂತಿ ಮೇಲೆ ತೆಳ್ಳಗೆ, ಕೆಳಗೆ ದಪ್ಪ.

ಬಟ್ಟೆ ಹೊದಿಕೆ ಪಕ್ಕೆಗಳ ನಡುವೆ ಕೊಡೆಯ ಬಟ್ಟೆಯ ಹಾಗೆ ಸ್ವಲ್ಪ ಒಳಗೆ ಎಳೆದಿರುತ್ತದೆ. ಇದನ್ನು ಪಾಲಿಗನ್‌ನಲ್ಲಿ, ಅಂದರೆ ಮಾಡೆಲ್‌ನ ಮೈಯಾಗುವ ಸಣ್ಣ ಮುಖಗಳಲ್ಲಿ, ಕೆತ್ತಬೇಡಿ. ಮೈಮೇಲೆ ಅಂಟಿಸುವ ಚಿತ್ರದಲ್ಲೇ ನೆರಳು ಕೊಟ್ಟು ತೋರಿಸಿ. ನಾನು ಇಡೀ ವಿಮಾನವನ್ನು ಇಪ್ಪತ್ತು ಸಾವಿರ ತ್ರಿಕೋನದ ಒಳಗೆ ಮುಗಿಸುತ್ತೇನೆ. ಮೇಲಿನ ರೆಕ್ಕೆ ಕೆಳಗಿನದರ ಮೇಲೆ ಬೀಳಿಸುವ ನೆರಳನ್ನು ಬ್ಲೆಂಡರ್‌ನಲ್ಲೇ ಬೇಕ್ ಮಾಡಿ (ಅಂದರೆ ಚಿತ್ರವಾಗಿ ಇಳಿಸಿ), ಬಣ್ಣದ ಮೇಲೆ ಮಲ್ಟಿಪ್ಲೈ ಲೇಯರ್ ಆಗಿ ಇಡಿ. ಅಷ್ಟರಲ್ಲೇ ಅರ್ಧ ಜೀವ ಬರುತ್ತದೆ.

ಈಗ ರೆಕ್ಕೆಗಳ ನಡುವೆ ಬಿಗಿದಿರುವ ತಂತಿ. ಎಲ್ಲರೂ ಎಡವುವುದು ಇಲ್ಲೇ. ಲೆಕ್ಕ ಹಾಕಿ ನೋಡಿ: 60 ಡಿಗ್ರಿ ನೋಟದಲ್ಲಿ, 30 ಮೀಟರ್ ದೂರದಲ್ಲಿ ಪರದೆಯ ಅಗಲಕ್ಕೆ ಸುಮಾರು 35 ಮೀಟರ್ ಹಿಡಿಯುತ್ತದೆ. ಪರದೆಯಲ್ಲಿ 1920 ಚುಕ್ಕೆ. ಅಂದರೆ ಒಂದು ಚುಕ್ಕೆಗೆ 18 ಮಿಲಿಮೀಟರ್. ನಿಮ್ಮ ತಂತಿ 2 ಮಿಲಿಮೀಟರ್! ಅದು ಒಮ್ಮೆ ಕಂಡು ಒಮ್ಮೆ ಮಾಯವಾಗಿ ಮಿಣಮಿಣ ಅನ್ನುತ್ತದೆ. ಅದಕ್ಕೆ ತಂತಿಯನ್ನು ಎರಡು ಪಟ್ಟು ದಪ್ಪ ಮಾಡಿ, ಬಣ್ಣವನ್ನು ಕಪ್ಪಿನಿಂದ ತಿಳಿ ಬೂದಿಗೆ ತನ್ನಿ. ಆಕಾಶದ ಎದುರು ಮಿಣುಕು ತುಂಬಾ ಕಡಿಮೆಯಾಗುತ್ತದೆ. ಸ್ಕೇಲ್ ಹಿಡಿದು ಅಳೆಯುವವರು ಬೈದರೆ ಬೈಯಲಿ. ತಂತಿಗೆ ನಾಲ್ಕು ಮುಖ ಸಾಕು, ದುಂಡಗೆ ಮಾಡಬೇಡಿ.

ಅಕ್ಷರದ ವಿಷಯದಲ್ಲಿ ಫ್ಲೆಕ್ಸ್ ಅಂಗಡಿಯವನ ಮಾತು ಕೇಳಿ. ಎಡ ಬಲ ಎರಡೂ ಬದಿಗೆ ಒಂದೇ ಚಿತ್ರ ಬಳಸಿದರೆ ಒಂದು ಬದಿಯಲ್ಲಿ ಅಕ್ಷರ ಉಲ್ಟಾ ಬರುತ್ತದೆ. ಅಕ್ಷರ ಇರುವ ಕಡೆ ಯುವಿ (ಚಿತ್ರದ ಯಾವ ಭಾಗ ಮಾಡೆಲ್‌ನ ಎಲ್ಲಿ ಕೂರಬೇಕು ಅನ್ನುವ ನಕ್ಷೆ) ಬೇರೆ ಬೇರೆ ಬಿಡಿಸಿ, ಉಳಿದ ಕಡೆ ಹಂಚಿಕೊಂಡರೆ ಜಾಗ ಉಳಿಯುತ್ತದೆ. ವಾಯುಪಡೆಯ ದುಂಡನೆಯ ಗುರುತಿನಲ್ಲಿ ಕೇಸರಿ ಹೊರಗೆ, ಹಸಿರು ನಟ್ಟನಡುವೆ. ಬಾವುಟದ ನೆನಪಲ್ಲಿ ತಿರುಗಿಸಿ ಹಾಕಿದವರನ್ನು ನೋಡಿದ್ದೇನೆ.

ಅಲುಗಾಡುವ ಭಾಗಗಳು ಬೇರೆ ಬೇರೆ ವಸ್ತುಗಳಾಗಿರಬೇಕು: ಎರಡು ಏಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ರೆಪ್ಪೆಗಳು), ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವುದು), ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವುದು), ಚಕ್ರಗಳು, ಪ್ರೊಪೆಲ್ಲರ್. ಏಲರಾನ್ ಇರುವುದು ಕೆಳಗಿನ ರೆಕ್ಕೆಗೆ ಮಾತ್ರ. ಆ ರೆಕ್ಕೆ ಹಿಂದಕ್ಕೂ ಬಾಗಿದೆ, ಮೇಲಕ್ಕೂ ಎದ್ದಿದೆ. ಹಾಗಾಗಿ ಪ್ರತಿ ಏಲರಾನ್‌ನ ಮೂಲಬಿಂದುವನ್ನು ಕೀಲಿನ ಗೆರೆ ಮೇಲೆ ಇಟ್ಟು, ಅದರ ಅಕ್ಷವನ್ನೂ ಆ ಗೆರೆಗೆ ಸಾಲಾಗಿ ತಿರುಗಿಸಿ. ಇಲ್ಲದಿದ್ದರೆ ಏಲರಾನ್ ರೆಕ್ಕೆಯೊಳಗೆ ನುಗ್ಗುತ್ತದೆ. ಕೊನೆಗೆ ಬ್ಲೆಂಡರ್‌ನ ಸ್ಕೇಲ್ ಅಪ್ಲೈ ಆದೇಶ ಕೊಟ್ಟು, ಸಿಮ್ಯುಲೇಟರ್‌ಗೆ ಕೊಡಲು ಎಫ್‌ಬಿಎಕ್ಸ್ ಅನ್ನುವ ಬಗೆಯ 3ಡಿ ಫೈಲ್ ಆಗಿ ತೆಗೆಯಿರಿ. ಭಾಗಗಳಿಗೆ ಹೆಸರಿಡುವ ಕ್ರಮ ಒಂದೊಂದು ಸಿಮ್ಯುಲೇಟರ್‌ಗೆ ಒಂದೊಂದು. ಅದರ ಪಟ್ಟಿಯನ್ನು ಅಕ್ಷರ ಬಿಡದೆ ಪಾಲಿಸಿ.

ಹಾರಾಟದ ಲೆಕ್ಕ ಬೇರೆಯೇ ಕೆಲಸ. ಸಿಮ್ಯುಲೇಟರ್‌ನಲ್ಲಿ ಈಗಾಗಲೇ ಇರುವ ಒಂದು ಬೈಪ್ಲೇನ್ (ಎರಡು ರೆಕ್ಕೆಯ ವಿಮಾನ) ತೆಗೆದುಕೊಂಡು ಅಂಕಿ ಬದಲಿಸುವುದು ಸುಲಭ. ಖಾಲಿ ವಿಮಾನ ಸುಮಾರು 506 ಕಿಲೋ. ಉದ್ದಗಲ ಎತ್ತರ ಮೂರೂ ನಾಲ್ಕನೇ ಒಂದಾದರೆ ತೂಕ 64ನೇ ಒಂದು ಆಗುತ್ತದೆ, ಅಂದರೆ 8 ಕಿಲೋ ಹತ್ತಿರ. ರೆಕ್ಕೆಯ ಹರವು 1.39 ಚದರ ಮೀಟರ್. ಗಾಳಿ ಹಿಂದಕ್ಕೆ ಎಳೆಯುವ ಎಳೆತವನ್ನು ಧಾರಾಳವಾಗಿ ಕೊಡಿ. ಅಷ್ಟೊಂದು ತಂತಿ ಕಂಬ ಇರುವ ವಿಮಾನ ಥ್ರಾಟಲ್ ಇಳಿಸಿದರೆ ತೇಲುತ್ತಾ ಹೋಗಬಾರದು, ಇಳಿಯಬೇಕು. ಏಲರಾನ್ ಮೇಲಕ್ಕೆ 20 ಡಿಗ್ರಿ, ಕೆಳಕ್ಕೆ 5 ಅಂತ ಶುರು ಮಾಡಿ. ನಿಜವಾದದ್ದರಲ್ಲೂ ಕೆಳಗಿಳಿಯುವ ಏಲರಾನ್ ಹೆಚ್ಚು ಇಳಿಯುವುದಿಲ್ಲ. ಆದರೂ ರಡ್ಡರ್ ಸೇರಿಸದೆ ತಿರುಗಿಸಿದರೆ ಮೂತಿ ಉಲ್ಟಾ ದಿಕ್ಕಿಗೆ ಎಳೆಯಬೇಕು. ಎಳೆಯದಿದ್ದರೆ ಅಂಕಿ ತಪ್ಪಿದೆ ಅಂತಲೇ ಅರ್ಥ. ಬ್ರೇಕ್ ಬೇಡ, ಹಿಂದೆ ಚಕ್ರವೂ ಬೇಡ, ಬರೀ ಸ್ಕಿಡ್, ಅಂದರೆ ನೆಲಕ್ಕೆ ಉಜ್ಜುವ ಊರೆ.

ಪ್ರೊಪೆಲ್ಲರ್ ಬಗ್ಗೆ ಒಂದು ತಕರಾರು ಇದ್ದೇ ಇದೆ. ಜಿಪ್ಸಿ ಮೇಜರ್ ಪೈಲಟ್ ಕಣ್ಣಿಗೆ ಎಡಕ್ಕೆ ತಿರುಗುತ್ತದೆ, ಹಾಗಾಗಿ ಓಡುವಾಗ ವಿಮಾನ ಬಲಕ್ಕೆ ಎಳೆಯುತ್ತದೆ. ಅಂಗಡಿಯಲ್ಲಿ ಸಿಗುವ ಮಾಡೆಲ್ ಎಂಜಿನ್‌ಗಳು ಸಾಮಾನ್ಯವಾಗಿ ಇದರ ವಿರುದ್ಧ. ನಾವು ಮಾಡುತ್ತಿರುವುದು ಮಾಡೆಲ್ಲಿನ ಮಾಡೆಲ್ ಅಲ್ವಾ? ನಾನು ಮಾಡೆಲ್ ಎಂಜಿನ್ ದಿಕ್ಕನ್ನೇ ಇಡುತ್ತೇನೆ. ಹುತ್ತರಿ ಹಬ್ಬ ಕಳೆದು ಗದ್ದೆ ಕೊಯ್ಲಾದ ಮೇಲೆ ಹೊರಗೆ ಹಾರಿಸುವಾಗ ಎಡಗೈ ಹೆಬ್ಬೆರಳಿಗೆ ಅದೇ ಅಭ್ಯಾಸ ಇರಬೇಕು.

ಅಂಥ ಗದ್ದೆಯ ಸುತ್ತಲಿನ ಫೋಟೋ ತೆಗೆದು ಹಿನ್ನೆಲೆಯಾಗಿ ಹಾಕಿಕೊಳ್ಳುವುದೂ ಆಗುತ್ತದೆ. ಟ್ರೈಪಾಡ್ ಕದಲಿಸಬೇಡಿ, ಬೆಳಕಿನ ಸೆಟ್ಟಿಂಗ್ ಲಾಕ್ ಮಾಡಿ. ಆಮೇಲೆ ಅಂಚಿನ ಒಂದೊಂದು ಸಿಲ್ವರ್ ಓಕ್ ಮರಕ್ಕೂ ಕಾಣದ ಒಂದು ಪೆಟ್ಟಿಗೆ ನಿಲ್ಲಿಸಿ, ಡಿಕ್ಕಿ ಲೆಕ್ಕಕ್ಕೆ ಸೇರಿಸಿ. ಇಲ್ಲದಿದ್ದರೆ ಫೋಟೋದಲ್ಲಿರುವ ಮರದೊಳಗೆ ವಿಮಾನ ಸಲೀಸಾಗಿ ಹೋಗಿ ಬರುತ್ತದೆ.